ಫೋಟೋ ಸ್ಟುಡಿಯೊ ಮತ್ತು ನಿವಾಸಿಗಳ ಸಂಘದ ಹಳೆಯ ದಾಖಲೆಗಳು ಕೈಸೇರಲಿವೆ: ಅವುಗಳನ್ನು ಪತ್ರಾಗಾರವಾಗಿ ಜೋಡಿಸುವ ಬಗೆ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಗರವೊಂದರ ಸ್ಥಳೀಯ ಇತಿಹಾಸದಲ್ಲಿ ಆಸಕ್ತಿಯಿರುವ ಸಣ್ಣ ಗುಂಪೊಂದರ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ನಿವೃತ್ತ ಶಿಕ್ಷಕರು, ವಿದ್ಯಾರ್ಥಿಗಳು, ಒಬ್ಬ ಗ್ರಂಥಪಾಲಕರು ಇದ್ದಾರೆ. ಪತ್ರಾಗಾರದ ಕೆಲಸದಲ್ಲಿ ತರಬೇತಿ ಪಡೆದವರು ಯಾರೂ ಇಲ್ಲ.

ಹಳೆಯ ಬಡಾವಣೆಯಲ್ಲಿ ಎರಡು ತಲೆಮಾರು ಫೋಟೋ ಸ್ಟುಡಿಯೊ ನಡೆಸಿದ ಕುಟುಂಬವೊಂದು ತನ್ನಲ್ಲಿ ಉಳಿದಿರುವುದನ್ನೆಲ್ಲ ನಮಗೆ ಒಪ್ಪಿಸಲು ಮುಂದೆ ಬಂದಿದೆ. ಗಾಜಿನವೂ ಫಿಲ್ಮಿನವೂ ಸೇರಿದಂತೆ ಸಾವಿರಾರು ನೆಗೆಟಿವ್‌ಗಳು, ಗಿರಾಕಿಗಳ ಹೆಸರು ಮತ್ತು ದಿನಾಂಕ ಬರೆದಿಟ್ಟ ದಪ್ಪ ವಹಿಗಳು, ರಸೀತಿ ಪುಸ್ತಕಗಳು, ಯಾರೂ ತೆಗೆದುಕೊಂಡು ಹೋಗದೆ ಉಳಿದ ಪ್ರತಿಗಳು ಅದರಲ್ಲಿವೆ. ಸ್ಟುಡಿಯೊದ ಯಜಮಾನರು ಬಹುಕಾಲ ಆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದರು. ಹೀಗಾಗಿ ಸಂಘದ ನಡಾವಳಿ ಪುಸ್ತಕಗಳು, ನೀರು, ಚರಂಡಿ, ಬೀದಿದೀಪಗಳ ಕುರಿತು ಪಾಲಿಕೆಗೆ ಬರೆದ ಅರ್ಜಿಗಳ ನಕಲುಗಳು, ಮನೆ ಮನೆಯ ಹೆಸರು ಗುರುತಿಸಿದ ಕೈಬರಹದ ಬೀದಿ ನಕ್ಷೆಯೊಂದು ಕೂಡ ಅದೇ ಕಪಾಟುಗಳಲ್ಲಿ ಸೇರಿಕೊಂಡಿವೆ. ಒಂದೊಂದು ನೆಗೆಟಿವ್ ಒಂದೊಂದು ಕಂದು ಲಕೋಟೆಯಲ್ಲಿದ್ದು, ಲಕೋಟೆಯ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಸಂಖ್ಯೆ ವಹಿಯಲ್ಲಿರುವ ಸಂಖ್ಯೆಗೆ ಸರಿಹೊಂದುತ್ತದೆ. ಕೆಲವು ಕಡೆ ಸಂಖ್ಯೆಯ ಪಕ್ಕದಲ್ಲಿ ಚಿಕ್ಕ ಗೀಟುಗಳೂ ಕಾಣುತ್ತವೆ. ಅವುಗಳ ಅರ್ಥ ನಮಗೆ ತಿಳಿದಿಲ್ಲ.

ನಮ್ಮ ಗುಂಪಿನಲ್ಲಿ ಅಭಿಪ್ರಾಯಗಳು ಬೇರೆ ಬೇರೆಯಾಗಿವೆ. ಮದುವೆ, ಶಾಲೆ, ಅಂಗಡಿ, ಹಬ್ಬ ಎಂದು ವಿಷಯವಾರು ವಿಂಗಡಿಸಿದರೆ ನೋಡುವವರಿಗೆ ಅನುಕೂಲ ಎಂಬುದು ಕೆಲವರ ಮಾತು. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿಗಳನ್ನು ಇಟ್ಟುಕೊಳ್ಳುವ ಹೊರೆಯಿಂದ ಪಾರಾಗೋಣ ಎಂಬುದು ಇನ್ನು ಕೆಲವರ ಮಾತು. ನನ್ನ ಮನಸ್ಸಿನಲ್ಲಿರುವ ಪ್ರಶ್ನೆ ಇವೆರಡಕ್ಕೂ ಹಿಂದಿನದು: ಒಂದು ಬಡಾವಣೆಯ ಜನ ಹೇಗೆ ಬದುಕಿದ್ದರು ಎಂಬುದನ್ನು ಮುಂದೆ ಯಾರಾದರೂ ಈ ಕಾಗದಗಳಿಂದ ತಿಳಿಯಬೇಕಾದರೆ, ನಾವು ಈಗ ಏನನ್ನು ಕೆಡಿಸದೆ ಉಳಿಸಬೇಕು? ಅನುಭವಿಗಳು ವಿವರವಾಗಿ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ 1 (ಪತ್ರಾಗಾರದಲ್ಲಿ ಕೆಲಸ ಮಾಡುವವರು)

ನಮಸ್ಕಾರ. ಲಕೋಟೆಗಳು ಇನ್ನೂ ಕಪಾಟಿನಲ್ಲಿ ಇದ್ದಂತೆಯೇ ಇರುವಾಗ ನೀವು ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಬಹುಪಾಲು ಸಂಗ್ರಹಗಳು ನಮ್ಮ ಕೈಗೆ ಬರುವ ಹೊತ್ತಿಗೆ ಯಾರೋ ಪ್ರೀತಿಯಿಂದಲೇ ಅವುಗಳನ್ನು ಚೆಂದವಾಗಿ ಜೋಡಿಸಿ, ತಿಳಿಯಬೇಕಾದದ್ದನ್ನು ಅಳಿಸಿಬಿಟ್ಟಿರುತ್ತಾರೆ.

ವಿಷಯವಾರು ವಿಂಗಡಣೆ ಬೇಡ ಎಂಬುದೇ ನನ್ನ ಸ್ಪಷ್ಟ ಸಲಹೆ. ಇದು ನನ್ನೊಬ್ಬನ ಒಲವಿನ ಮಾತಲ್ಲ, ನಮ್ಮ ವೃತ್ತಿಯ ಬುನಾದಿಯೇ ಇದರ ಮೇಲೆ ನಿಂತಿದೆ. ಫ್ರಾನ್ಸಿನಲ್ಲಿ ಕ್ರಾಂತಿಯ ನಂತರದ ದಶಕಗಳಲ್ಲಿ ಬೇರೆ ಬೇರೆ ಕಚೇರಿ, ಮಠ, ಮನೆತನಗಳ ಕಾಗದಗಳನ್ನು ಬೆರೆಸಿ ವಿಷಯವಾರು ಹಂಚಿದ್ದರಿಂದ ಆದ ಗೊಂದಲವನ್ನು ಕಂಡು, 1841ರಲ್ಲಿ ಅಲ್ಲಿನ ಒಳಾಡಳಿತ ಸಚಿವಾಲಯವು ಒಂದು ಸುತ್ತೋಲೆ ಹೊರಡಿಸಿತು. ಒಂದು ಸಂಸ್ಥೆ, ಕುಟುಂಬ ಅಥವಾ ವ್ಯಕ್ತಿಯಿಂದ ಬಂದ ದಾಖಲೆಗಳೆಲ್ಲ ಒಟ್ಟಿಗೇ ಇರಬೇಕು, ಇನ್ನೊಬ್ಬರ ದಾಖಲೆಗಳೊಂದಿಗೆ ಬೆರೆಯಬಾರದು ಎಂಬುದು ಅದರ ತಿರುಳು. 1898ರಲ್ಲಿ ನೆದರ್‌ಲ್ಯಾಂಡ್ಸ್‌ನ ಮೂವರು ಪತ್ರಾಗಾರಾಧಿಕಾರಿಗಳಾದ ಮುಲ್ಲರ್, ಫೈತ್ ಮತ್ತು ಫ್ರೌಯಿನ್ ಅವರು ನೂರು ನಿಯಮಗಳ ಕೈಪಿಡಿಯೊಂದನ್ನು ಪ್ರಕಟಿಸಿ, ದಾಖಲೆಗಳನ್ನು ಹುಟ್ಟುಹಾಕಿದವರು ಇಟ್ಟುಕೊಂಡಿದ್ದ ಒಳಕ್ರಮವನ್ನೂ ಹಾಗೆಯೇ ಉಳಿಸಬೇಕೆಂದು ವಾದಿಸಿದರು. ಇಂದಿಗೂ ನಾವು ನಡೆಯುತ್ತಿರುವುದು ಈ ಎರಡು ತತ್ವಗಳ ಮೇಲೆಯೇ.

ನಿಮ್ಮ ಸಂಗ್ರಹಕ್ಕೆ ಇದನ್ನು ಅನ್ವಯಿಸಿ ನೋಡಿ. ಮದುವೆಯ ಚಿತ್ರಗಳನ್ನೆಲ್ಲ ಒಂದೆಡೆ, ಶಾಲೆಯ ಚಿತ್ರಗಳನ್ನೆಲ್ಲ ಒಂದೆಡೆ ಇಟ್ಟರೆ, ಒಂದೇ ದಿನ ಸ್ಟುಡಿಯೊಕ್ಕೆ ಬಂದವರು ಯಾರು ಯಾರು, ಒಂದೇ ಕುಟುಂಬ ವರ್ಷ ವರ್ಷವೂ ಬರುತ್ತಿತ್ತೇ, ಯಾವ ತಿಂಗಳಲ್ಲಿ ಗುರುತಿನ ಚೀಟಿಯ ಚಿತ್ರಗಳು ಇದ್ದಕ್ಕಿದ್ದಂತೆ ಹೆಚ್ಚಾದವು ಎಂಬುದಾವುದನ್ನೂ ಮತ್ತೆ ತಿಳಿಯಲಾಗುವುದಿಲ್ಲ. ಆ ಲಕೋಟೆಗಳ ಕ್ರಮವೇ ಒಂದು ಸಾಕ್ಷ್ಯ. ಸಂಖ್ಯೆಯ ಪಕ್ಕದ ಗೀಟುಗಳು ಎಷ್ಟು ಪ್ರತಿ ತೆಗೆದರು ಎಂಬುದರ ಲೆಕ್ಕವಾಗಿರಬಹುದು, ಹಣ ಬಾಕಿಯ ಗುರುತಾಗಿರಬಹುದು. ರಸೀತಿ ಪುಸ್ತಕದೊಂದಿಗೆ ಹೋಲಿಸಿದರೆ ಅರ್ಥ ಹೊರಬಿದ್ದೀತು. ಆದರೆ ಹಾಗೆ ಹೋಲಿಸಬೇಕಾದರೆ ವಹಿ, ಲಕೋಟೆ, ರಸೀತಿ ಮೂರೂ ಒಂದರ ಜೊತೆಗೊಂದು ಉಳಿದಿರಬೇಕು. ಚಿತ್ರಗಳು ಚೆನ್ನಾಗಿವೆ ಎಂದು ನೆಗೆಟಿವ್‌ಗಳನ್ನು ಉಳಿಸಿಕೊಂಡು, ವಹಿಗಳನ್ನು ‘ಬರೀ ಲೆಕ್ಕ’ ಎಂದು ಬಿಟ್ಟುಬಿಟ್ಟ ಸಂಗ್ರಹಗಳನ್ನು ನಾನು ನೋಡಿದ್ದೇನೆ. ಅಲ್ಲಿ ಮುಖಗಳಿವೆ, ಆದರೆ ಅವು ಯಾರವೆಂದು ಹೇಳುವ ಗತಿಯಿಲ್ಲ.

ನೀವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಒಂದೇ ಕಪಾಟಿನಲ್ಲಿದ್ದರೂ ಇವು ಎರಡು ಬೇರೆ ಸಂಗ್ರಹಗಳು. ಸ್ಟುಡಿಯೊದ ದಾಖಲೆಗಳು ಒಂದು ವ್ಯವಹಾರದಿಂದ ಹುಟ್ಟಿದವು. ಸಂಘದ ದಾಖಲೆಗಳು ಒಂದು ಸಾರ್ವಜನಿಕ ಸಂಸ್ಥೆಯ ಕೆಲಸದಿಂದ ಹುಟ್ಟಿ, ಕಾರ್ಯದರ್ಶಿಯ ಮನೆಯಲ್ಲಿ ಉಳಿದವು. ಎರಡಕ್ಕೂ ಬೇರೆ ಬೇರೆ ಸಂಕೇತ ಕೊಡಿ, ಆದರೆ ಎರಡೂ ಒಬ್ಬರ ಕಪಾಟಿನಲ್ಲಿ ಒಟ್ಟಿಗಿದ್ದವು ಎಂಬುದನ್ನು ಎರಡರ ವಿವರಣೆಯಲ್ಲೂ ಬರೆಯಿರಿ. ಸಂಘದ ಸಭೆಯಲ್ಲಿ ದೂರು ಕೊಟ್ಟ ಬೀದಿಯ ಚರಂಡಿಯ ಚಿತ್ರವನ್ನು ಅದೇ ಕಾರ್ಯದರ್ಶಿ ತನ್ನ ಕ್ಯಾಮೆರಾದಿಂದಲೇ ತೆಗೆದಿರುವ ಸಾಧ್ಯತೆ ಇದೆ. ಆ ಕೊಂಡಿ ಯಾವ ಲಕೋಟೆಯ ಮೇಲೂ ಬರೆದಿರುವುದಿಲ್ಲ.

ಹಾಗಾಗಿ ಕಪಾಟುಗಳನ್ನು ಖಾಲಿ ಮಾಡುವ ಮುನ್ನ ಪ್ರತಿ ಹಲಗೆಯ ಚಿತ್ರ ತೆಗೆಯಿರಿ. ಹಲಗೆಗೆ, ಕಟ್ಟಿಗೆ, ಪೆಟ್ಟಿಗೆಗೆ ತಾತ್ಕಾಲಿಕ ಸಂಖ್ಯೆ ಕೊಡಿ. ನಡಾವಳಿ ಪುಸ್ತಕದ ನಡುವೆ ಮಡಚಿಟ್ಟ ಚೀಟಿ ಸಿಕ್ಕರೆ ಅದು ಯಾವ ಪುಟಗಳ ನಡುವೆ ಇತ್ತೆಂದು ಬರೆದುಕೊಂಡು ಅಲ್ಲಿಯೇ ಬಿಡಿ. ಯಾರು ಕೊಟ್ಟರು, ಎಂದು ಕೊಟ್ಟರು, ಎಷ್ಟು ಪೆಟ್ಟಿಗೆಗಳು, ಅವರ ಬಳಿಗೆ ಅವು ಹೇಗೆ ಬಂದವು ಎಂಬುದನ್ನು ಸ್ವೀಕೃತಿ ವಹಿಯಲ್ಲಿ ಅದೇ ದಿನ ದಾಖಲಿಸಿ. ಕುಟುಂಬದ ಹಿರಿಯರು ಇದ್ದರೆ ಅವರನ್ನು ಕಪಾಟಿನ ಮುಂದೆಯೇ ಕೂರಿಸಿಕೊಂಡು ಮಾತನಾಡಿಸಿ.

ವಿಷಯವಾರು ಹುಡುಕಬೇಕೆಂಬ ನಿಮ್ಮ ಸದಸ್ಯರ ಬಯಕೆ ತಪ್ಪೇನಲ್ಲ. ಅದಕ್ಕೆ ಜಾಗ ಸೂಚಿಯಲ್ಲಿದೆ, ಕಪಾಟಿನಲ್ಲಿಲ್ಲ. ಕಾಗದವನ್ನು ಒಂದೇ ಕಡೆ ಇಡಬಹುದು. ಸೂಚಿಯಲ್ಲಿ ಅದನ್ನು ಬೀದಿಯ ಹೆಸರಿನಡಿ, ಕಸುಬಿನಡಿ, ಸಂದರ್ಭದಡಿ ಎಷ್ಟು ಕಡೆ ಬೇಕಾದರೂ ತೋರಿಸಬಹುದು. ಸೂಚಿಯನ್ನು ಬರೆಯುವಾಗಲೂ ಮೊದಲ ದಿನವೇ ಒಂದೊಂದು ನೆಗೆಟಿವ್‌ಗೆ ವಿವರ ಬರೆಯಲು ಕೂರಬೇಡಿ. ಇಡೀ ಸಂಗ್ರಹಕ್ಕೆ ಒಂದು ಪುಟ, ಅದರೊಳಗಿನ ಪ್ರತಿ ಶ್ರೇಣಿಗೆ (ವಹಿಗಳು, ನೆಗೆಟಿವ್‌ಗಳು ಎಂಬಂಥ ಒಂದೇ ಬಗೆಯ ದಾಖಲೆಗಳ ಗುಂಪಿಗೆ) ಒಂದು ಕಂಡಿಕೆ, ಆಮೇಲೆ ಪೆಟ್ಟಿಗೆಗೊಂದು ಸಾಲು, ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯಿರಿ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ವಿವರಣಾ ಮಾನದಂಡದಲ್ಲಿ 26 ಅಂಶಗಳಿದ್ದರೂ ಸಂಕೇತ, ಶೀರ್ಷಿಕೆ, ಹುಟ್ಟುಹಾಕಿದವರು, ಕಾಲ, ಪ್ರಮಾಣ, ವಿವರಣೆಯ ಮಟ್ಟ (ಬರೆದದ್ದು ಇಡೀ ಸಂಗ್ರಹದ ಬಗ್ಗೆಯೋ, ಶ್ರೇಣಿಯ ಬಗ್ಗೆಯೋ) ಎಂಬ ಆರನ್ನು ಮಾತ್ರ ಅದು ಅತ್ಯಗತ್ಯವೆಂದು ಹೇಳುತ್ತದೆ. ಆರು ಅಂಶಗಳಲ್ಲಿ ಮುಗಿಯುವ ಒಂದು ಪುಟವನ್ನು ಯಾವ ಗುಂಪು ಬೇಕಾದರೂ ಬರೆಯಬಲ್ಲದು.

ಸೂಚಿ ಏನು ಮಾಡಬಲ್ಲದು ಎಂಬುದಕ್ಕೆ ಡಬ್ಲಿನ್ ನಗರದ ಉದಾಹರಣೆ ಸಾಕು. 1922ರ ಜೂನ್ 30ರಂದು ಅಂತರ್ಯುದ್ಧದ ಕದನದಲ್ಲಿ ಐರ್ಲೆಂಡಿನ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟ ಮತ್ತು ಬೆಂಕಿಗೆ ಸಿಕ್ಕಿ ಶತಮಾನಗಳ ದಾಖಲೆಗಳು ಉರಿದುಹೋದವು. ಆದರೆ ಅಲ್ಲಿ ಏನೇನಿತ್ತೆಂದು ಹೇಳುವ ಮಾರ್ಗದರ್ಶಿ ಸೂಚಿಯೊಂದು ಅದಕ್ಕೆ ಮೂರು ವರ್ಷ ಮುಂಚೆ, 1919ರಲ್ಲಿ ಅಚ್ಚಾಗಿತ್ತು. ಯಾವ ಕಪಾಟಿನಲ್ಲಿ ಯಾವ ದಾಖಲೆ ಇತ್ತೆಂಬುದು ತಿಳಿದಿದ್ದರಿಂದಲೇ, ಬೇರೆ ಬೇರೆ ದೇಶಗಳ ಸಂಸ್ಥೆಗಳಲ್ಲಿ ಉಳಿದಿದ್ದ ನಕಲುಗಳನ್ನೂ ಟಿಪ್ಪಣಿಗಳನ್ನೂ ಹುಡುಕಿ ತಂದು, ಆ ಭಂಡಾರವನ್ನು ಡಿಜಿಟಲ್ ರೂಪದಲ್ಲಿ ಮರುಕಟ್ಟಿ, ದುರಂತದ ನೂರನೆಯ ವರ್ಷವಾದ 2022ರಲ್ಲಿ ಜನರಿಗೆ ತೆರೆಯಲು ಸಾಧ್ಯವಾಯಿತು. ಸೂಚಿ ಇಲ್ಲದಿದ್ದರೆ ಕಳೆದುಹೋದದ್ದು ಏನೆಂಬುದೂ ಗೊತ್ತಾಗುತ್ತಿರಲಿಲ್ಲ.

ಉತ್ತರ 2 (ದಾಖಲೆಗಳ ಸಂರಕ್ಷಣೆಯಲ್ಲಿ ತೊಡಗಿರುವವರು)

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಸಂಗ್ರಹದಲ್ಲಿ ಹಳೆಯ ಫಿಲ್ಮ್ ನೆಗೆಟಿವ್‌ಗಳಿವೆ ಎಂದು ಬರೆದಿರುವುದರಿಂದ ಸುರಕ್ಷತೆಯ ಮಾತೊಂದನ್ನು ತಡಮಾಡದೆ ಹೇಳಬೇಕು. 1950ರ ದಶಕದ ಆರಂಭಕ್ಕೆ ಮುಂಚಿನ ಫಿಲ್ಮ್‌ಗಳಲ್ಲಿ ಕೆಲವು ಸೆಲ್ಯುಲೋಸ್ ನೈಟ್ರೇಟ್‌ನಿಂದ ಮಾಡಿದವಾಗಿರುತ್ತವೆ. ನೈಟ್ರೇಟ್ ಬಹಳ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗಿನಿಂದಲೇ ಬಿಡುಗಡೆ ಮಾಡುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಫಿಲ್ಮಿನ ಅಂಚಿನಲ್ಲಿ ಕೆಲವೊಮ್ಮೆ ‘ನೈಟ್ರೇಟ್’ ಎಂದೋ ‘ಸೇಫ್ಟಿ’ ಎಂದೋ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಅದನ್ನು ಮೊದಲು ನೋಡಿ. ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿರುವ, ಮೂಗಿಗೆ ಹೊಡೆಯುವ ವಾಸನೆಯ ಫಿಲ್ಮ್‌ಗಳು ಕಂಡರೆ ಅವುಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ತಂಪಾದ, ಗಾಳಿಯಾಡುವ ಜಾಗದಲ್ಲಿಟ್ಟು, ಅನುಭವವಿರುವ ಸಂಸ್ಥೆಯೊಂದರ ಸಹಾಯ ಪಡೆಯಿರಿ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದು ಅಪಾಯಕರ.

ನೈಟ್ರೇಟಿನ ನಂತರ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯವಿಲ್ಲ, ಆದರೆ ಅದು ಬೇರೆ ರೀತಿಯಲ್ಲಿ ಸಾಯುತ್ತದೆ. ಸೆಕೆ ಮತ್ತು ತೇವದಲ್ಲಿ ಅದರಿಂದ ಅಸಿಟಿಕ್ ಆಮ್ಲ ಹೊರಬೀಳುತ್ತದೆ, ಆ ಆಮ್ಲವೇ ಮತ್ತಷ್ಟು ಕೊಳೆತಕ್ಕೆ ಕಾರಣವಾಗುತ್ತದೆ. ಲಕೋಟೆ ತೆರೆದಾಗ ವಿನಿಗರ್ ವಾಸನೆ ಬಂದರೆ ಕೊಳೆತ ಶುರುವಾಗಿದೆಯೆಂದೇ ಅರ್ಥ. ಮುಂದೆ ಫಿಲ್ಮಿನ ತಳ ಕುಗ್ಗುತ್ತದೆ, ಆದರೆ ಚಿತ್ರವಿರುವ ಪದರ ಕುಗ್ಗುವುದಿಲ್ಲವಾದ್ದರಿಂದ ಅದು ಏರಿಳಿತವಾಗಿ ಎದ್ದು ನಿಂತು ಮುಖಗಳ ಮೇಲೆ ಕಾಲುವೆಗಳಂತಹ ಗೆರೆಗಳು ಮೂಡುತ್ತವೆ. ಆಮ್ಲದ ಮಟ್ಟವನ್ನು ಅಳೆಯಲು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವ ಕಾಗದದ ಪಟ್ಟಿಗಳು ಸಿಗುತ್ತವೆ. ಅವುಗಳನ್ನು ಪೆಟ್ಟಿಗೆಗೊಂದರಂತೆ ಹಾಕಿ ನೋಡಿದರೆ ಯಾವ ಪೆಟ್ಟಿಗೆಯನ್ನು ಮೊದಲು ಸ್ಕ್ಯಾನ್ ಮಾಡಬೇಕೆಂಬುದು ತಾನೇ ತೀರ್ಮಾನವಾಗುತ್ತದೆ. ಗಾಜಿನ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಮಲಗಿಸದೆ, ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ.

ಕಾಗದದ ವಿಷಯದಲ್ಲಿ ಮಾಡಬಾರದ್ದೇ ಹೆಚ್ಚು. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಪೆನ್ನಿನಿಂದ ಸಂಖ್ಯೆ ಬರೆಯಬೇಡಿ. ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ನಿಧಾನವಾಗಿ ತೆಗೆಯಿರಿ, ಆದರೆ ಯಾವ ಹಾಳೆಗಳು ಒಂದೇ ಪಿನ್ನಿನಲ್ಲಿದ್ದವೋ ಅವುಗಳನ್ನು ಒಂದೇ ಮಡಿಕೆ ಕಾಗದದೊಳಗಿಡಿ. ಆಮ್ಲರಹಿತ ಪೆಟ್ಟಿಗೆಗಳು ಇದ್ದರೆ ಒಳ್ಳೆಯದೇ. ಅವು ಸಿಗುವವರೆಗೆ ನೆಲಕ್ಕೆ ತಾಗದಂತೆ, ಹೊರಗೋಡೆಗೆ ಒರಗದಂತೆ, ನೀರಿನ ಕೊಳವೆಯ ಕೆಳಗೆ ಬಾರದಂತೆ ಇಟ್ಟರೂ ಅರ್ಧ ಗೆದ್ದಂತೆ. ಗಾಳಿಯ ತೇವಾಂಶ ಶೇಕಡ 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ತಾಪಮಾನ ತುಸು ಹೆಚ್ಚಿದ್ದರೂ ಪರವಾಗಿಲ್ಲ, ದಿನವೂ ಏರಿಳಿಯಬಾರದು.

ಇನ್ನು ಸ್ಕ್ಯಾನ್ ಮಾಡಿ ಮೂಲವನ್ನು ಬಿಟ್ಟುಬಿಡುವ ಮಾತು. ದಯವಿಟ್ಟು ಹಾಗೆ ಮಾಡಬೇಡಿ. ಬ್ರಿಟನ್ನಿನಲ್ಲಿ 1086ರ ಭೂಮಾಪನ ದಾಖಲೆಯ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿಬಿಸಿ ಒಂದು ದೊಡ್ಡ ಯೋಜನೆ ನಡೆಸಿತು. ಶಾಲಾ ಮಕ್ಕಳೂ ಊರವರೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಪ್ರದೇಶದ ಚಿತ್ರ, ವಿವರ, ದಿನಚರಿಗಳನ್ನು ಕಳುಹಿಸಿದರು. ಅವೆಲ್ಲವನ್ನೂ ವಿಶೇಷ ಲೇಸರ್ ಡಿಸ್ಕ್‌ಗಳಲ್ಲಿ ತುಂಬಿಸಲಾಯಿತು. ಹದಿನೈದು ವರ್ಷ ಕಳೆಯುವುದರೊಳಗೆ ಆ ಡಿಸ್ಕ್‌ಗಳನ್ನು ಓದಬಲ್ಲ ಯಂತ್ರಗಳು ಅಪರೂಪವಾಗಿ, ಒಳಗಿನದನ್ನು ಹೊರತೆಗೆಯಲು ತಜ್ಞರು ದೊಡ್ಡ ಪ್ರಯತ್ನವನ್ನೇ ಮಾಡಬೇಕಾಯಿತು. 1086ರ ಚರ್ಮದ ಹಾಳೆಗಳನ್ನಾದರೋ ಇಂದಿಗೂ ಕಣ್ಣಿಂದಲೇ ಓದಬಹುದು. ಸ್ಕ್ಯಾನ್ ಖಂಡಿತ ಮಾಡಿ, ಏಕೆಂದರೆ ಅದರಿಂದ ಮೂಲವನ್ನು ಮುಟ್ಟುವ ಕೈಗಳು ಕಡಿಮೆಯಾಗುತ್ತವೆ, ದೂರದವರಿಗೂ ದಾಖಲೆ ತಲುಪುತ್ತದೆ. ಮುಖ್ಯ ಕಡತವನ್ನು ಚಿತ್ರದ ವಿವರ ಕಳೆಯದ ಟಿಫ್ ರೂಪದಲ್ಲಿಟ್ಟು, ನೋಡಲು ಚಿಕ್ಕ ಜೆಪೆಗ್ ಪ್ರತಿ ಮಾಡಿ. ಲಕೋಟೆಯ ಹೊರಮೈಯನ್ನೂ ನೆಗೆಟಿವ್ ಜೊತೆಗೇ ಸ್ಕ್ಯಾನ್ ಮಾಡಿ. ಕಡತದ ಹೆಸರಿನಲ್ಲಿ ಸ್ಟುಡಿಯೊ ಕೊಟ್ಟ ಸಂಖ್ಯೆಯೇ ಇರಲಿ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ನಿಯಮವನ್ನು ಮೀರಬೇಡಿ.

ಬೇರೆ ಕಟ್ಟಡ ಎಂದು ಒತ್ತಿ ಹೇಳಲು ಕಾರಣವಿದೆ. 2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್ ನಗರದ ಐತಿಹಾಸಿಕ ಪತ್ರಾಗಾರದ ಕಟ್ಟಡ, ಪಕ್ಕದಲ್ಲಿ ನಡೆಯುತ್ತಿದ್ದ ಸುರಂಗ ರೈಲು ಕಾಮಗಾರಿಯಿಂದಾಗಿ ಕೆಲವೇ ನಿಮಿಷಗಳಲ್ಲಿ ಕುಸಿಯಿತು. ನೆರೆಮನೆಗಳ ಇಬ್ಬರು ಸತ್ತರು, ಸುಮಾರು 30 ಕಿಲೋಮೀಟರ್ ಉದ್ದದ ಕಪಾಟುಗಳಷ್ಟು ದಾಖಲೆಗಳು ಮಣ್ಣು, ಅಂತರ್ಜಲಗಳ ಪಾಲಾದವು. ಅವುಗಳಲ್ಲಿ ಸುಮಾರು ಶೇಕಡ 95ರಷ್ಟನ್ನು ಹೊರತೆಗೆದದ್ದು ನಿಜ, ಆದರೆ ಚೂರುಗಳನ್ನು ಗುರುತಿಸಿ ಜೋಡಿಸುವ ಕೆಲಸ ದಶಕಗಳದು. ಹಿಂದೆ ಅಲ್ಲಿಗೆ ಹೋಗಿ ನಕಲು ಮಾಡಿಕೊಂಡಿದ್ದ ಸಂಶೋಧಕರು ತಮ್ಮ ಬಳಿಯ ಚಿತ್ರಗಳನ್ನು ಕಳುಹಿಸಿ ಸಹಾಯ ಮಾಡಿದರು. ಯಾರದೋ ಮನೆಯ ಕಂಪ್ಯೂಟರಿನಲ್ಲಿದ್ದ ನಕಲೂ ಅಂದು ಬೆಲೆಯುಳ್ಳದ್ದಾಯಿತು.

ಉತ್ತರ 3 (ನಗರ ಇತಿಹಾಸದ ಸಂಶೋಧಕರು)

ದಾಖಲೆಗಳನ್ನು ಬಳಸುವವರ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ನಗರದ ನಿವಾಸಿಗಳ ಕುರಿತು ನಮಗೆ ತಿಳಿದಿರುವ ಬಹುಪಾಲು ಸಂಗತಿಗಳು, ಅವರ ಇತಿಹಾಸ ಬರೆಯಬೇಕೆಂದು ಯಾರೂ ಇಟ್ಟುಕೊಳ್ಳದ ದಾಖಲೆಗಳಿಂದ ಬಂದವು. ನ್ಯೂಯಾರ್ಕಿನಲ್ಲಿ 1939ರಿಂದ 1941ರವರೆಗೆ ತೆರಿಗೆ ನಿರ್ಧಾರಕ್ಕಾಗಿ ನಗರದ ಐದೂ ವಿಭಾಗಗಳ ಪ್ರತಿ ಕಟ್ಟಡದ ಚಿತ್ರ ತೆಗೆಯಲಾಯಿತು. ಚಿತ್ರದ ಚೌಕಟ್ಟಿನೊಳಗೆ ನಿವೇಶನದ ಸಂಖ್ಯೆ ಬರೆದ ಫಲಕವೊಂದನ್ನು ನಿಲ್ಲಿಸುತ್ತಿದ್ದರು. ಇಂದು ಅಲ್ಲಿಯ ನಗರ ಪತ್ರಾಗಾರದಲ್ಲಿರುವ ಏಳು ಲಕ್ಷಕ್ಕೂ ಹೆಚ್ಚಿನ ಆ ಚಿತ್ರಗಳನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು. ತೆರಿಗೆಯ ಅಧಿಕಾರಿಗೆ ಬೇಕಿದ್ದದ್ದು ಕಟ್ಟಡ ಮಾತ್ರ. ನಮಗೆ ಕಾಣುವುದು ಅಂಗಡಿಯ ನಾಮಫಲಕ, ಒಣಗಲು ಹಾಕಿದ ಬಟ್ಟೆ, ಮೆಟ್ಟಿಲ ಮೇಲೆ ಕುಳಿತವರು.

ಅಮೆರಿಕದ ಸ್ಯಾನ್‌ಬಾರ್ನ್ ಕಂಪನಿಯ ನಕ್ಷೆಗಳ ಕಥೆಯೂ ಇಂಥದ್ದೇ. 1867ರಲ್ಲಿ ಆರಂಭವಾದ ಈ ಕಂಪನಿ ಬೆಂಕಿ ವಿಮೆಯ ಲೆಕ್ಕಕ್ಕಾಗಿ ಸುಮಾರು 12,000 ಪಟ್ಟಣ, ನಗರಗಳ ನಕ್ಷೆ ಬರೆಯಿತು. ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ ಕಟ್ಟಡಕ್ಕೆ ಹಳದಿ ಬಣ್ಣ. ಕಟ್ಟಡ ಬದಲಾದಾಗ ಇಡೀ ಹಾಳೆಯನ್ನು ಹೊಸದಾಗಿ ಬರೆಯದೆ, ಆ ಜಾಗಕ್ಕೆ ಸರಿಯಾಗಿ ಕತ್ತರಿಸಿದ ತಿದ್ದುಪಡಿಯ ಚೀಟಿಯನ್ನು ಮೇಲೆ ಅಂಟಿಸುತ್ತಿದ್ದರು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚೀಟಿಗಳ ಅಂಚು ಎದ್ದು ಕಾಣುತ್ತದೆ, ಒಂದು ಬೀದಿ ಎಲ್ಲೆಲ್ಲಿ ಬದಲಾಯಿತೆಂಬುದು ಆ ಅಂಚುಗಳಲ್ಲೇ ತಿಳಿಯುತ್ತದೆ. ನಿಮ್ಮ ಕೈಬರಹದ ಬೀದಿ ನಕ್ಷೆಯಲ್ಲೂ ಅಳಿಸಿ ಬರೆದ ಹೆಸರುಗಳಿದ್ದರೆ ಅವುಗಳನ್ನು ಬಿಡದೆ ದಾಖಲಿಸಿ. ಅಳಿಸಿದ ಹೆಸರು ಬಾಡಿಗೆದಾರನೊಬ್ಬ ಮನೆ ಬಿಟ್ಟದ್ದನ್ನು ಹೇಳುತ್ತಿರಬಹುದು.

ಒಂದೇ ದಾಖಲೆ ಎಷ್ಟೇ ಚೆನ್ನಾಗಿದ್ದರೂ ಅರ್ಧ ಮಾತನ್ನೇ ಆಡುತ್ತದೆ. ತೆರಿಗೆ ಪಟ್ಟಿಯಲ್ಲಿ ಮನೆಯ ಒಡೆಯ ಸಿಗುತ್ತಾನೆ, ಬಾಡಿಗೆಗಿದ್ದವರು ಸಿಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ಮಕ್ಕಳಿಲ್ಲ. ಸಂಘದ ನಡಾವಳಿಯಲ್ಲಿ ಸಭೆಯಲ್ಲಿ ಮಾತನಾಡಿದ ಗಂಡಸರ ಹೆಸರುಗಳಿರುತ್ತವೆ. ನೀರಿನ ಸರದಿಯಲ್ಲಿ ನಿಂತವರ ಹೆಸರುಗಳಿರುವುದಿಲ್ಲ. ಸ್ಟುಡಿಯೊದ ವಹಿಯ ವಿಶೇಷವಿರುವುದು ಇಲ್ಲಿಯೇ. ಸೂಟು ಹೊಲಿಸಿಕೊಂಡವನೂ ಕೂಲಿಯವನೂ ಒಂದೇ ಪುಟದಲ್ಲಿ ಒಬ್ಬರ ಕೆಳಗೊಬ್ಬರು ಬರುತ್ತಾರೆ. ಇಂಥ ವಹಿ ಉಳಿದಿರುವುದು ನಿಮ್ಮ ಭಾಗ್ಯ ಎಂದೇ ಹೇಳುತ್ತೇನೆ.

ಆಮ್‌ಸ್ಟರ್‌ಡ್ಯಾಮ್ ನಗರ ಪತ್ರಾಗಾರದ ನೋಟರಿ ದಾಖಲೆಗಳನ್ನೂ ಇಲ್ಲಿ ನೆನೆಯಬೇಕು. 1578ರಿಂದ 1915ರವರೆಗಿನ, ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಆ ಸಂಗ್ರಹದಲ್ಲಿ ಉಯಿಲು, ಸಾಲಪತ್ರ, ಹಡಗಿನ ಕರಾರುಗಳ ಜೊತೆಗೆ ಬೀದಿಜಗಳಗಳ ಸಾಕ್ಷಿ ಹೇಳಿಕೆಗಳೂ ಇವೆ. 2017ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದ ಈ ದಾಖಲೆಗಳಲ್ಲಿನ ಹೆಸರು, ಸ್ಥಳ, ದಿನಾಂಕಗಳನ್ನು ಸ್ವಯಂಸೇವಕರು ತಮ್ಮ ಮನೆಯಲ್ಲೇ ಕುಳಿತು ಪರದೆಯ ಮೇಲೆ ಓದಿ ಸೂಚಿ ಮಾಡುತ್ತಾರೆ. ನಿಮ್ಮ ಗುಂಪಿನ ವಿದ್ಯಾರ್ಥಿಗಳಿಗೆ ಗಿರಾಕಿಗಳ ವಹಿಯನ್ನು ಹೀಗೆಯೇ ಹಂಚಬಹುದು. ಒಂದು ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ನಕಲಿಸಲಿ, ವ್ಯತ್ಯಾಸ ಬಂದಲ್ಲಿ ಮೂರನೆಯವರು ನೋಡಲಿ. ಹೆಸರನ್ನು ವಹಿಯಲ್ಲಿದ್ದಂತೆಯೇ ಬರೆಯಿರಿ; ಕಾಗುಣಿತ ಸರಿಯಿಲ್ಲವೆನಿಸಿದರೆ ಸರಿಪಡಿಸಿದ ರೂಪಕ್ಕೆ ಬೇರೆ ಅಂಕಣ ಇಡಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಪಾಟುಗಳನ್ನು ಮುಟ್ಟುವ ಮುನ್ನ ಚಿತ್ರ ತೆಗೆದುಕೊಳ್ಳುವುದೆಂದೂ, ಸ್ಟುಡಿಯೊ ಮತ್ತು ಸಂಘವನ್ನು ಎರಡು ಸಂಗ್ರಹಗಳಾಗಿ ನೋಡುವುದೆಂದೂ ನಮ್ಮ ಗುಂಪು ಒಪ್ಪಿದೆ. ಫಿಲ್ಮಿನ ಅಂಚುಗಳನ್ನು ಪರೀಕ್ಷಿಸಲು ಜಾಗವನ್ನೂ ಗೊತ್ತು ಮಾಡಿಕೊಂಡಿದ್ದೇವೆ.

ಆದರೆ ಒಂದು ಅಳುಕು ಉಳಿದಿದೆ. ಚಿತ್ರದಲ್ಲಿರುವವರಲ್ಲಿ ಎಷ್ಟೋ ಜನ, ಅವರ ಮಕ್ಕಳು ಇನ್ನೂ ಇದ್ದಾರೆ. ಸಂಘದ ಪುಸ್ತಕಗಳಲ್ಲಿ ನೆರೆಹೊರೆಯವರ ಜಗಳ, ಬಾಕಿ, ಕೆಲವು ಕುಟುಂಬಗಳ ಬಗ್ಗೆ ನೋವಾಗುವಂಥ ಮಾತುಗಳಿವೆ. ಇವುಗಳನ್ನು ಅಂತರಜಾಲಕ್ಕೆ ಹಾಕುವುದು ಸರಿಯೇ? ಹೆಸರು ತಿಳಿಯದ ಚಿತ್ರಗಳಲ್ಲಿ ಇರುವವರನ್ನು ಗುರುತಿಸಲು ಜನರನ್ನು ಕೇಳಬಹುದೇ?

ಉತ್ತರ 4 (ಮೌಖಿಕ ಇತಿಹಾಸ ಸಂಗ್ರಹಿಸುವವರು)

ನಿಮ್ಮ ಅಳುಕು ನ್ಯಾಯವಾದದ್ದು. ನಿವಾಸಿಗಳ ದಾಖಲೆ ನಿವಾಸಿಗಳಿಗೇ ಅಪಾಯವಾಗಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ಕಠೋರವಾದ ಉದಾಹರಣೆಯಿದೆ. ಜರ್ಮನ್ ಆಕ್ರಮಣದ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನ ಜನಸಂಖ್ಯಾ ನೋಂದಣಿಯ ಕಾರ್ಡುಗಳು ಯಹೂದಿಗಳನ್ನು ಹುಡುಕಲು ನೆರವಾಗುತ್ತಿದ್ದವು. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧ ಗುಂಪಿನವರು ಪೊಲೀಸರ ವೇಷದಲ್ಲಿ ಒಳಹೊಕ್ಕು ಆ ಕಚೇರಿಗೆ ಬೆಂಕಿ ಹಚ್ಚಿದರು. ಅವರ ಮೇಲೆ ಸಹಾನುಭೂತಿಯಿದ್ದ ಅಗ್ನಿಶಾಮಕರು ಬೇಕಾದುದಕ್ಕಿಂತ ಹೆಚ್ಚು ನೀರು ಹರಿಸಿದರು. ಕಾರ್ಡುಗಳಲ್ಲಿ ಒಂದು ಭಾಗವಷ್ಟೇ ನಾಶವಾಯಿತು, ಗುಂಪಿನ ಹನ್ನೆರಡು ಮಂದಿಗೆ ಮರಣದಂಡನೆಯಾಯಿತು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ಸಾಮಾನ್ಯ ಮಾಹಿತಿಯೂ ಯಾರ ಕೈಯಲ್ಲಿದೆ ಎಂಬುದರ ಮೇಲೆ ಬೇರೆಯಾಗುತ್ತದೆ.

ಅದಕ್ಕೆಂದೇ ದೇಶಗಳು ಕಾಲಾವಧಿ ಇಟ್ಟುಕೊಂಡಿವೆ. ಅಮೆರಿಕದಲ್ಲಿ ಜನಗಣತಿಯ ಹೆಸರುಗಳು 72 ವರ್ಷಗಳ ನಂತರ ತೆರೆದುಕೊಳ್ಳುತ್ತವೆ, 1950ರ ಗಣತಿ 2022ರಲ್ಲಿ ತೆರೆಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಜನನ ದಾಖಲೆಗಳಿಗೆ 100, ವಿವಾಹಕ್ಕೆ 75, ಮರಣಕ್ಕೆ 50 ವರ್ಷ. ನಿಮ್ಮಲ್ಲಿ ಅನ್ವಯವಾಗುವ ಕಾನೂನನ್ನು ವಕೀಲರೊಬ್ಬರಿಂದ ತಿಳಿದುಕೊಳ್ಳಿ. ಚಿತ್ರಗಳ ಕೃತಿಸ್ವಾಮ್ಯದ ಬಗ್ಗೆಯೂ ಆಗಲೇ ಕೇಳಿ. ಕಾನೂನು ಏನೇ ಇರಲಿ, ಇದ್ದದ್ದೆಲ್ಲವನ್ನೂ ಅಂತರಜಾಲಕ್ಕೆ ಹಾಕಬೇಕಾಗಿಲ್ಲ. ಜಗಳದ ಪುಟಗಳನ್ನು ಕತ್ತರಿಸಬೇಡಿ, ಮಸಿ ಬಳಿಯಬೇಡಿ. ಇಂತಿಷ್ಟು ವರ್ಷ ಮುಚ್ಚಿದೆ ಎಂದು ಸೂಚಿಯಲ್ಲಿ ಬಹಿರಂಗವಾಗಿ ಬರೆದು, ಗಂಭೀರ ಕಾರಣವಿರುವವರಿಗೆ ಕೊಠಡಿಯಲ್ಲಿ ಕುಳಿತು ನೋಡಲು ಅವಕಾಶ ಕೊಡಬಹುದು.

ಗುರುತಿಸಲು ಜನರನ್ನು ಖಂಡಿತ ಕೇಳಿ. ಪಿಟ್ಸ್‌ಬರ್ಗ್ ನಗರದ ಕಪ್ಪು ಜನರ ಬದುಕನ್ನು ಸುಮಾರು ನಾಲ್ಕು ದಶಕ ಸೆರೆಹಿಡಿದ ಪತ್ರಿಕಾ ಛಾಯಾಗ್ರಾಹಕ ಚಾರ್ಲ್ಸ್ ‘ಟೀನಿ’ ಹ್ಯಾರಿಸ್ ಅವರ ಸುಮಾರು 80,000 ನೆಗೆಟಿವ್‌ಗಳನ್ನು ಅಲ್ಲಿನ ಕಾರ್ನೆಗಿ ಕಲಾ ಸಂಗ್ರಹಾಲಯ 2001ರಲ್ಲಿ ಪಡೆಯಿತು. ಅವುಗಳಲ್ಲಿ ಬಹುಪಾಲಿಗೆ ಹೆಸರೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಸಂಗ್ರಹಾಲಯ ಚಿತ್ರಗಳನ್ನು ಜನರ ಮುಂದಿಟ್ಟು, ಇವರು ಯಾರು, ಇದು ಯಾವ ಬೀದಿ ಎಂದು ಕೇಳಿತು. ಬಂದ ಹಿರಿಯರ ಮಾತುಗಳನ್ನೂ ಧ್ವನಿಮುದ್ರಿಸಿಕೊಂಡಿತು. ಹೀಗೆ ಕೇಳುವಾಗ ಹೇಳಿದವರು ಯಾರು, ಎಂದು ಹೇಳಿದರು, ಖಚಿತವೇ ಊಹೆಯೇ ಎಂಬುದನ್ನು ಪ್ರತಿ ಗುರುತಿನ ಜೊತೆ ಬರೆಯಿರಿ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡೂ ಇರಲಿ.

ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯ ವಿಷಯವನ್ನು ನಾನು ತರಬೇತಿಗಳಲ್ಲಿ ತಪ್ಪದೆ ಹೇಳುತ್ತೇನೆ. 1966ರಲ್ಲಿ ಅದನ್ನು ಬಿಳಿಯರ ಪ್ರದೇಶವೆಂದು ಸಾರಿ, ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಎಬ್ಬಿಸಿ, ಮನೆಗಳನ್ನು ನೆಲಸಮ ಮಾಡಿದರು. 1994ರಲ್ಲಿ ತೆರೆದ ಅಲ್ಲಿನ ಸಂಗ್ರಹಾಲಯದ ನೆಲದ ಮೇಲೆ ಆ ಬಡಾವಣೆಯ ದೊಡ್ಡ ನಕ್ಷೆಯನ್ನು ಹಾಸಿದ್ದಾರೆ. ಹಿಂದಿನ ನಿವಾಸಿಗಳು ಬಂದು ಬಗ್ಗಿ ಕುಳಿತು, ತಮ್ಮ ಮನೆಯಿದ್ದ ಜಾಗದಲ್ಲಿ ತಮ್ಮ ಹೆಸರನ್ನು ತಾವೇ ಬರೆದರು. ಕೆಡವುವ ಕೆಲಸದಲ್ಲಿದ್ದ ಒಬ್ಬರು ಎಸೆಯದೆ ಮುಚ್ಚಿಟ್ಟಿದ್ದ ಬೀದಿಫಲಕಗಳೂ ಅಲ್ಲಿವೆ. ಅಧಿಕಾರಿಗಳ ಕಡತದಲ್ಲಿ ಬರೀ ಸಂಖ್ಯೆಯಾಗಿದ್ದವರು ಹೀಗೆ ತಮ್ಮ ದಾಖಲೆಯನ್ನು ತಾವೇ ಮಾಡಿಕೊಂಡರು. ನಿಮ್ಮ ಬೀದಿ ನಕ್ಷೆಯನ್ನು ಸ್ಕ್ಯಾನ್ ಮಾಡಿ ದೊಡ್ಡದಾಗಿ ಮುದ್ರಿಸಿ, ಮುದ್ರಿತ ಪ್ರತಿಯ ಮೇಲೆ ಬಡಾವಣೆಯವರಿಂದ ಬರೆಸಿದರೆ, ಮೂಲ ನಕ್ಷೆಯಲ್ಲಿ ಇಲ್ಲದ ಹಿಂಬದಿಯ ಮನೆಗಳೂ ಬಾಡಿಗೆದಾರರೂ ಸೇರಿಕೊಳ್ಳುತ್ತಾರೆ. ಆ ಪ್ರತಿಯೂ ದಿನಾಂಕ ಹಾಕಿಸಿಕೊಂಡು ಸಂಗ್ರಹಕ್ಕೆ ಸೇರಲಿ.

ಕಡೆಯದಾಗಿ ಕುಟುಂಬದೊಂದಿಗಿನ ಒಪ್ಪಂದ. ಬಾಯಿಮಾತಿನಲ್ಲಿ ಬಿಡಬೇಡಿ. ಇದು ದಾನವೋ, ಕಾಯ್ದಿಡಲು ಕೊಟ್ಟದ್ದೋ. ಪ್ರಕಟಿಸುವ ಹಕ್ಕು ಯಾರದು. ಯಾವ ಭಾಗ ಎಷ್ಟು ಕಾಲ ಮುಚ್ಚಿರಬೇಕು. ತಮ್ಮ ಚಿತ್ರವನ್ನು ತೆಗೆಯಿರೆಂದು ಯಾರಾದರೂ ಕೇಳಿದರೆ ಏನು ಮಾಡುವುದು. ಮುಂದೆ ನಿಮ್ಮ ಗುಂಪು ನಿಂತುಹೋದರೆ ಸಂಗ್ರಹ ಯಾವ ಸಂಸ್ಥೆಗೆ ಹೋಗಬೇಕು ಎಂಬ ಐದೂ ವಿಷಯ ಬರಹದಲ್ಲಿರಲಿ. ಸಂಘ ಈಗಲೂ ನಡೆಯುತ್ತಿದ್ದರೆ ನಡಾವಳಿ ಪುಸ್ತಕಗಳ ಬಗ್ಗೆ ಅವರ ಒಪ್ಪಿಗೆಯನ್ನೂ ಬೇರೆಯಾಗಿ ಪಡೆಯಿರಿ, ಏಕೆಂದರೆ ಆ ಪುಸ್ತಕಗಳನ್ನು ಕೊಡುವ ಅಧಿಕಾರ ಸ್ಟುಡಿಯೊದ ಕುಟುಂಬಕ್ಕೆ ಇಲ್ಲದಿರಬಹುದು. ಸಹಿ ಆದ ಮೇಲೆಯೇ ಕಪಾಟುಗಳನ್ನು ಸಾಗಿಸಿ.